ಒಂದು ಬೊಗಸೆ ನೀರಿನ ಸಲುವಾಗಿ

ಯೇಸು – ಮರಿಯ – ಜೋಸೆಫ್

ರೇಲ್ವೆ ಚಾಳ, ಹುಬ್ಬಳ್ಳಿ
ರವಿವಾರ, ತಾರೀಖು ೧೮-೧೨-೧೯೬೦

ಸಿಸಿಲಿಯ ಅವ್ವ ಮದಲೇನವ್ವನಿಗೆ ಇನ್ನಾಸಪ್ಪನು ಮಾಡುವ ಯೇಸುಸ್ತೋತ್ರ.

ನಾನು ಇಲ್ಲಿ ಕ್ಷೇಮ, ನೀವು ಅಲ್ಲಿ ಕ್ಷೇಮ ಅಂತ ಮೊದಲು ಬರೆಯಬೇಕು, ಸಾಲಿಯಲ್ಲಿ ಹಾಗೇ ಕಲಿಸಿದ್ದರು. ಆದರೆ ಕ್ಷೇಮ ಎಲ್ಲಿದೆ ಹೇಳು. ನೀನು ಮಗಳನ್ನು ಕರೆದುಕೊಂಡು ಧಾರವಾಡಕ್ಕೆ, ತವರಿಗೆ ಹೋಗಿ ಇವತ್ತಿಗೆ ಆರು ದಿನ. ಒಂದು ಕಾರ್ಡು ಸಹ ಇಲ್ಲ. ಇದು ನಾನು ಬರೆಯುತ್ತಿರುವ ನಾಲ್ಕನೆಯ ಹಾಳೆ. ಮೂರನ್ನು ಹರಿದು ಒಲೆಗೆ ಹಾಕಿದೆ. ಮೊದಲನೆಯದರಲ್ಲಿ ಬರೀ ನಿನ್ನ ತಪ್ಪೇ ಬರೆದಿದ್ದೆ. ಎರಡನೆಯದರಲ್ಲಿ ಬರೀ ನನ್ನ ತಪ್ಪು. ಮೂರನೆಯದನ್ನು ಬರೆದು ನೋಡಿದರೆ ನನ್ನ ಅಕ್ಷರ ನನಗೇ ಓದಲು ಬರಲಿಲ್ಲ. ನೀನು ಏಳನೆಯತ್ತೆ ಪಾಸಾದವಳು, ನಾನು ಮೂರನೆಯತ್ತೆಗೆ ಸಾಲಿ ಬಿಟ್ಟವನು. ಹೊಂದಿಸಿಕೊಂಡು ಓದು. ಮತ್ತೆ ಒಬ್ಬಳೇ ಕೂತು ಓದು. ನಿನ್ನ ಅಣ್ಣ ಚೌರಪ್ಪನ ಕೈಗೆ ಮಾತ್ರ ಕೊಡಬೇಡ. ಅವನು ಬಂದ ಪತ್ರವನ್ನೆಲ್ಲ ಅಂಗಳದಲ್ಲಿ ನಿಂತು ಪೇಪರು ಓದಿದ ಹಾಗೆ ಓಣಿಗೆಲ್ಲ ಓದುತ್ತಾನೆ.

ನಾನು ಯಾಕೆ ಬಂದಿಲ್ಲ ಅಂತ ನೀನು ಕೇಳಬಹುದು. ರಜೆ ಸಿಗಲಿಲ್ಲ. ಕ್ರಿಸ್‌ಮಸ್ಸಿಗೆ ಗೋವಾ ಕಡೆಯ ಮಂದಿ ಬಹಳ ಹೋಗಿಬಂದು ಮಾಡುತ್ತಾರೆ, ಗಾಡಿ ನಿಂತಾಗೆಲ್ಲ ಸುತ್ತಿಗೆ ಹಿಡಿದು ಓಡಬೇಕು. ಒಂದೊಂದು ಗಾಲಿಯನ್ನೂ ಬಡಿದು, ದನಿ ಕೇಳಿ, ಬಿರುಕು ಇದೆಯೋ ಇಲ್ಲವೋ ಹೇಳುವುದು ಎಷ್ಟು ಜವಾಬ್ದಾರಿ ಅಂತ ನಿನಗೆ ಗೊತ್ತೇ ಇದೆ. ಈ ಆರು ದಿನಗಳಲ್ಲಿ ನನಗೆ ಎಲ್ಲ ಗಾಲಿಯ ದನಿಯೂ ಒಡಕಾಗಿ ಕೇಳುತ್ತಿದೆ. ಎರಡು ಸಲ ಬಡಿಯುತ್ತಿದ್ದವನು ನಾಲ್ಕು ಸಲ ಬಡಿಯುತ್ತಿದ್ದೇನೆ. ನನ್ನ ಹಿಂದೆ ಎಣ್ಣೆ ಹಾಕುತ್ತ ಬರುವ ಗುರುಶಿದ್ದಪ್ಪ ಮೊನ್ನೆ ಗಾರ್ಡು, ಕೂಲಿಗಳ ಎದುರಿಗೇ ಅಂದ, "ಇನ್ನಾಸಪ್ಪ ಇಷ್ಟು ಬಡದ್ರ ಛಲೋ ಗಾಲಿನೂ ಅಂಜಿ ತಪ್ಪು ಒಪ್ಕೋತೈತಿ ನೋಡ್ರಿ." ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಬುಧವಾರ ಚೌರಪ್ಪ ಸ್ಟೇಷನ್ನಿಗೆ ಬಂದಿದ್ದನಲ್ಲ, ನಿನ್ನ ಮಾತು ಮುಟ್ಟಿಸಿದ. ಪ್ಲಾಟ್‌ಫಾರಂ ಮೇಲೆ ನಿಂತು, ಬೀಡಿ ಹಚ್ಚಿಕೊಂಡು, ನನ್ನ ಮುಖ ಸಹ ನೋಡದೆ ಅಂದ, "ಹುಡುಗಿ ಮುಂಜಾನೆ ನೀರು ಮುಟ್ಟವಲ್ಲದು. ಅದು ನೀರು ಕುಡಿಯೂತನಾ ನೀ ಬರೂದು ಬ್ಯಾಡ ಅಂತ ಹೇಳಂದಾಳ ಮದಲಿ. ಅಲ್ಲೀತನಾ ನೀ ಗಾಲಿ ಬಡಕೊಂತ ಇರು." ತಂಗಿಯ ಗಂಡನಿಗೆ ಹೀಗೆ ಹೇಳುವ ಮಾತೇ ಇದು? ನನ್ನ ಮಗಳನ್ನು ನೋಡಲು ನನಗೆ ಪರವಾನಗಿ ಬೇಕೇ? ಹೀಗೆಲ್ಲ ಬರೆದೇ ಮೊದಲ ಹಾಳೆ ಹಾಳಾಯಿತು.

ಆದರೂ ಕೇಳುತ್ತೇನೆ, ಮದಲೇನವ್ವ, ನಾನು ಮಾಡಿದ್ದಾದರೂ ಏನು? ಮದುವೆಯಾಗಿ ಹನ್ನೊಂದು ವರ್ಷ. ಒಂದು ದಿನ ಕುಡಿದು ಬಂದಿಲ್ಲ. ಇಸ್ಪೀಟು ಮುಟ್ಟಿಲ್ಲ. ನಿನ್ನ ಮೇಲಾಗಲಿ ಮಗಳ ಮೇಲಾಗಲಿ ಕೈ ಎತ್ತಿಲ್ಲ. ಡ್ಯೂಟಿ ಯಾವುದೇ ಇರಲಿ, ಸಂಜೆಯ ಜಪಸರ ತಪ್ಪಿಸಿಲ್ಲ. ಸಂತ ಜೋಸೆಫರ ಹಾಗೆ ಇರಿ ಅಂತ ಫಾದರ್ ವರ್ಷ ವರ್ಷ ಗಂಡಸರಿಗೆ ಹೇಳುತ್ತಾರೆ. ನಾನೂ ಹಾಗೆ ಇರಬೇಕು ಅಂತಲೇ ಒದ್ದಾಡಿದೆ. ಮನೆಯವರ ಆತ್ಮಗಳಿಗೆ ಯಜಮಾನನೇ ಲೆಕ್ಕ ಒಪ್ಪಿಸಬೇಕು ಅಂತ ಸಣ್ಣವನಿದ್ದಾಗ ನಮಗೆ ಉಪದೇಶ ಹೇಳಿಕೊಟ್ಟಿದ್ದರು. ಅದೇ ಉಪದೇಶದಲ್ಲಿ ಇನ್ನೊಂದೂ ಇತ್ತು. ಪೂಜೆಯಲ್ಲಿ ಸ್ವಾಮಿಯ ಶರೀರ ಅಂತ ಕೊಡುವ ಪರಮಪ್ರಸಾದ ತೆಗೆದುಕೊಳ್ಳುವವರು ಹಿಂದಿನ ಮಧ್ಯರಾತ್ರಿಯಿಂದ ಅನ್ನವಾಗಲಿ ನೀರಾಗಲಿ ಮುಟ್ಟಬಾರದು. ಒಂದು ಹನಿ ಸಹ. ಮುಟ್ಟಿ ತೆಗೆದುಕೊಂಡರೆ ಘೋರ ಪಾಪ. ಇದು ನನ್ನ ಎಲುಬಿನಲ್ಲಿ ಕೂತದ್ದು. ಅದು ಬದಲಾಗಿದೆ ಅಂತ ನನಗೆ ಯಾರು ಹೇಳಿದರು? ಯಾರೂ ಹೇಳಲಿಲ್ಲ.

ಆವತ್ತು ಎಂಟನೆಯ ತಾರೀಖು, ಮಾತೆಯ ಹಬ್ಬದ ದಿನ, ನೀನು ಚರ್ಚಿನ ಒಳಗೆ ಹೆಂಗಸರ ಕಡೆ ಮುಂದೆ ಕೂತಿದ್ದೆ. ಹೊರಗೆ ಆದದ್ದು ನಿನಗೆ ಕಾಣಲಿಲ್ಲ. ಅದಕ್ಕೇ ಬರೆಯುತ್ತೇನೆ. ಮೊದಲ ಪರಮಪ್ರಸಾದದ ಹನ್ನೆರಡು ಮಕ್ಕಳನ್ನು ಸಿಸ್ಟರ್ ಇಬ್ಬಿಬ್ಬರಾಗಿ ನಿಲ್ಲಿಸಿದ್ದರು. ಸಿಸಿಲಿಗೆ ನಿನ್ನ ಮದುವೆಯ ಸೀರೆ ಕತ್ತರಿಸಿ ಹೊಲಿದ ಬಿಳಿ ಫ್ರಾಕು, ತಲೆಗೆ ಹೂವಿನ ಕಿರೀಟ, ಕೈಯಲ್ಲಿ ಮೇಣದ ಬತ್ತಿ. ನಾನು ಅವಳನ್ನು ನೋಡಿ ದೇವರೇ, ಇಷ್ಟಾದರೂ ಕೊಟ್ಟೆಯಲ್ಲ ಅಂದುಕೊಂಡೆ. ಆಗ ಅವಳು ಸಾಲು ಬಿಟ್ಟು ಕಂಪೌಂಡಿನ ಮೂಲೆಯ ನಳಕ್ಕೆ ಓಡಿದಳು. ಬತ್ತಿಯನ್ನು ಕಂಕುಳಲ್ಲಿ ಹಿಡಿದು, ಎರಡೂ ಕೈ ಜೋಡಿಸಿ, ಒಂದು ಬೊಗಸೆ ನೀರು ಕುಡಿದಳು. ಬಾಯಿ ಒರೆಸಿಕೊಂಡು, ನಗುತ್ತ ವಾಪಸು ಬಂದು ನಿಂತಳು.

ಒಳಗೆ ಹಾಡು ಶುರುವಾಗಿತ್ತು, ಸಾಲು ನಡೆಯತೊಡಗಿತ್ತು. ಬಾಗಿಲ ಹತ್ತಿರ ಹೋಗಿ ಅವಳ ರಟ್ಟೆ ಹಿಡಿದು ಹೊರಗೆ ಎಳೆದೆ. ಬತ್ತಿ ಕಸಿದುಕೊಂಡೆ. "ನೀರು ಕುಡದಿಯಿಲ್ಲ? ಇನ್ನ ನಿನಗ ಪ್ರಸಾದ ಇಲ್ಲ" ಅಂದೆ. ಅವಳು "ಅಪ್ಪಾ, ಬಾಯಿ ಆರಿತ್ತೋ. ಒಂದ ಬೊಗಸಿ" ಅಂದಳು. ನಾನು ಇನ್ನೊಂದು ಮಾತೂ ಅಂದೆ. ಅದನ್ನು ನಿನಗೆ ಈವರೆಗೆ ಹೇಳಿಲ್ಲ. "ಇಂಥಾ ಬಾಯಿಯಿಂದ ಸ್ವಾಮಿನ್ನ ತಗೊಂಡ್ರ ನರಕಕ್ಕ ಹೋಗ್ತಿ" ಅಂದೆ. ಎಂಟು ವರ್ಷದ ಹುಡುಗಿಗೆ. ಅವಳ ಜೋಡಿ ನಡೆಯಬೇಕಾಗಿದ್ದ ಡ್ರೈವರ್ ಅಂತೋಣಿಯ ಮಗಳು ಒಬ್ಬಳೇ ನಡೆದಳು, ನಾಲ್ಕು ಹೆಜ್ಜೆಗೊಮ್ಮೆ ಹಿಂದೆ ತಿರುಗಿ ನೋಡುತ್ತ. ನಾನು ಸಿಸಿಲಿಯನ್ನು ಹಿಂದಿನ ಗೋಡೆಯ ಹತ್ತಿರ ನನ್ನ ಪಕ್ಕದಲ್ಲಿ ಮೊಣಕಾಲೂರಿಸಿದೆ. ಪೂಜೆ ಮುಗಿಯುವತನಕ ಅವಳು ಅಳಲಿಲ್ಲ. ಅತ್ತಿದ್ದರೆ ಛಲೋ ಇತ್ತು.

ಮುಂದಿನದು ನಿನ್ನ ಎದುರಿಗೇ ಆಯಿತು. ಫಾದರ್ ಬಂದು ಕೇಳಿದಾಗ ನಾನು ಹೆಮ್ಮೆಯಿಂದಲೇ ಹೇಳಿದೆ, ಹೀಗೆ ಹೀಗೆ, ಪಾಪ ಆಗುವುದನ್ನು ತಪ್ಪಿಸಿದೆ ಅಂತ. ಅವರು ಹಣೆಗೆ ಕೈ ಹಚ್ಚಿಕೊಂಡು, "ಇನ್ನಾಸಪ್ಪಾ, ನೀರು ಕುಡದ್ರ ಉಪಾಸ ಮುರಿಯಂಗಿಲ್ಲಂತ ಪೋಪ್ ಸ್ವಾಮ್ಯಾರು ಹೇಳಿ ಏಳು ವರ್ಷದ ಮ್ಯಾಲಾತು. ನೀ ಎಲ್ಲಿದ್ದಿ?" ಅಂದರು. ನಾನು "ಯಾರ್ಡಿನ್ಯಾಗ ಇದ್ದೆರಿ" ಅಂದೆ. ನಾಲ್ಕು ಮಂದಿ ನಕ್ಕರು, ನೀನು ನಗಲಿಲ್ಲ. ಫಾದರ್ ಅಲ್ಲೇ, ಆಗಲೇ ಮಗುವಿಗೆ ಪ್ರಸಾದ ಕೊಡುತ್ತೇನೆ ಬಾ ಅಂದರು. ಸಿಸಿಲಿ ನಿನ್ನ ಸೀರೆಯ ಸೆರಗು ಹಿಡಿದು, "ಒಲ್ಲೆರಿ ಫಾದರ್. ನಾ ಕುಡದೇನಿ" ಅಂದಳು. ಅವರು ಎಷ್ಟು ಹೇಳಿದರೂ ಅದೊಂದೇ ಮಾತು.

ಆಮೇಲೆ ನಾಲ್ಕು ದಿನ. ಮುಂಜಾನೆ ಎದ್ದರೆ ನೀರಿಲ್ಲ, ಚಹಾ ಇಲ್ಲ. ತುಟಿ ಒಡೆದು ರಕ್ತ ಬಂದರೂ ಮಧ್ಯಾಹ್ನ ಹನ್ನೆರಡಕ್ಕೆ ರೇಲ್ವೆ ಕಾರಖಾನೆಯ ಭೋಂಗಾ ಕೂಗುವವರೆಗೆ ಬಾಯಿ ತೆರೆಯಲಿಲ್ಲ. ನಾನು ಸಿಟ್ಟು ಮಾಡಿದೆ, ರಮಿಸಿದೆ, ಫಾದರ್ ಹೇಳಿದ್ದಾರೆ ಕುಡಿ ಅಂತ ಲೋಟ ತುಟಿಗೆ ಹಿಡಿದೆ. ಹಲ್ಲು ಕಚ್ಚಿಕೊಂಡು ನಿಂತಳು. ಬಾಜೂ ಮನೆಯ ಗುಲ್ಜಾರಬಿ ಗೋಡೆಯ ಆಚೆಯಿಂದ, "ಭಾಯಿ, ನಮ್ಮ ರೋಜಾದಾಗ ಮರತು ನೀರು ಕುಡದ್ರ ಅಲ್ಲಾನ ಕುಡಿಸ್ಯಾನ ಅಂತೀವ್ರಿ. ಕೂಸಿನ ಮ್ಯಾಲೆ ಇಷ್ಟು ಜುಲುಮಿ ಯಾಕ್ರಿ?" ಅಂದಾಗ ನಿಮ್ಮದು ನೀವು ನೋಡಿಕೊಳ್ಳಿರಿ ಅಂದುಬಿಟ್ಟೆ. ಆ ಹೆಣ್ಣುಮಗಳು ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿಲ್ಲ. ಈ ಆರು ದಿನವೂ ನನಗೆ ರೊಟ್ಟಿ, ಪಲ್ಲೆ ಅವರ ಮನೆಯಿಂದಲೇ ಬರುತ್ತಿದೆ. ಅದು ಇನ್ನೂ ಹೆಚ್ಚು ಚುಚ್ಚುತ್ತದೆ.

ಹೋಗುವ ದಿನ ನೀನು ಗಂಟು ಕಟ್ಟುತ್ತ ಅಂದ ಮಾತು ನನ್ನ ಕಿವಿಯಿಂದ ಹೋಗಿಲ್ಲ. ಮೂರು ವರ್ಷದ ಹಿಂದೆ ಗಂಡುಮಗು ಹುಟ್ಟಿ, ಉಸಿರು ನಿಲ್ಲುವ ಹಾಗೆ ಆದಾಗ, ಫಾದರ್ ಬರುವವರೆಗೆ ಉಳಿಯುವುದಿಲ್ಲ ಅಂತ ಸೂಲಗಿತ್ತಿ ಅಂದಾಗ, ನಾನೇ ತಂಬಿಗೆಯ ನೀರು ತಲೆಯ ಮೇಲೆ ಹಾಕಿ ಜ್ಞಾನಸ್ನಾನ ಕೊಟ್ಟೆ. ನೀನು ಅಂದೆ, "ಅವತ್ತ ಒಂದ ತಂಬಿಗಿ ನೀರು ಹಾಕಿ ಕೂಸಿನ್ನ ಸ್ವರ್ಗಕ್ಕ ಕಳಿಸಿದವರು ನೀವ. ಇವತ್ತ ಅದ ನೀರಿನ ಸಲುವಾಗಿ ಇದ್ದೊಬ್ಬ ಮಗಳನ್ನ ಜೀವಂತ ನರಕಕ್ಕ ಹಾಕಿದ್ರಿ." ಡ್ಯೂಟಿಗೆ ಹೊತ್ತಾಯಿತು ಅಂತ ಸುತ್ತಿಗೆ ತೆಗೆದುಕೊಂಡು ಹೊರಟೆ. ಡ್ಯೂಟಿಗೆ ಇನ್ನೂ ಎರಡು ತಾಸು ಇತ್ತು.

ಮೇಲೆ ಒಂದು ಕಡೆ, ನೀರಿನ ನಿಯಮ ಬದಲಾದದ್ದನ್ನು ನನಗೆ ಯಾರೂ ಹೇಳಲಿಲ್ಲ ಅಂತ ಬರೆದಿದ್ದೇನೆ. ಅದನ್ನು ಹೊಡೆದುಹಾಕೋಣ ಅಂದರೆ ಹಾಳೆಯೆಲ್ಲ ಮಸಿಯಾಗುತ್ತದೆ. ನೀನು ಹೇಳಿದ್ದೆ. ಹಬ್ಬದ ಹಿಂದಿನ ದಿನ ಸಂಜೆ ಆ ಫ್ರಾಕಿಗೆ ಇಸ್ತ್ರಿ ಮಾಡುತ್ತ ಹೇಳಿದೆ, "ನೀರು ಕುಡದ್ರ ನಡೀತೈತಿ ಅಂತ ಸಿಸ್ಟರು ಹೇಳ್ಯಾರ್ರಿ." ನಾನು, ಸಿಸ್ಟರಿಗೇನು, ಅವರು ಮೆತ್ತಗಿನವರು, ನಾಳೆ ದೇವರ ಮುಂದೆ ಜವಾಬು ಕೊಡುವವನು ನಾನು ಅಂದೆ. ನೀನು ಮತ್ತೇನೋ ಅನ್ನುವುದರಲ್ಲಿದ್ದೆ, ನಾನು ಜಪಸರ ಶುರು ಮಾಡಿಬಿಟ್ಟೆ. ಜಪದ ನಡುವೆ ಮಾತಾಡಬಾರದಲ್ಲ. ನಿನ್ನ ಬಾಯಿ ಮುಚ್ಚಿಸಲು ಮಾತೆಯ ಜಪವನ್ನೇ ಹಿಡಿದೆ. ಅಷ್ಟೇ ಅಲ್ಲ. ನೀವು ಮಲಗಿದ ಮೇಲೆ ನಮ್ಮ ಅವ್ವ ಮಾಡುತ್ತಿದ್ದ ಹಾಗೆ ಮನೆಯ ಕೊಡ, ತಂಬಿಗೆ, ಹಂಡೆ ಎಲ್ಲವನ್ನೂ ಖಾಲಿ ಮಾಡಿ ಬೋರಲು ಹಾಕಿದೆ. ಹಿಂದೆ ನಮ್ಮ ಕಡೆ ಪರಮಪ್ರಸಾದದ ಹಿಂದಿನ ರಾತ್ರಿ ಎಲ್ಲರ ಮನೆಯಲ್ಲೂ ಹಾಗೆ ಮಾಡುತ್ತಿದ್ದರು, ನಿದ್ದೆಗಣ್ಣಿನಲ್ಲಿ ಮಕ್ಕಳು ನೀರು ಕುಡಿದುಬಿಡಬಾರದು ಅಂತ. ಮುಂಜಾನೆ ಎದ್ದ ಮಗಳಿಗೆ ಮನೆಯಲ್ಲಿ ಒಂದು ಗುಟುಕು ನೀರು ಇರಲಿಲ್ಲ. ಅದಕ್ಕೇ ಅವಳು ಚರ್ಚಿನ ನಳಕ್ಕೆ ಓಡಿದ್ದು. ಅವಳ ಬಾಯಿ ಆರಿಸಿದವನೂ ನಾನೇ, ಹಿಡಿದವನೂ ನಾನೇ.

ರಜೆ ಸಿಗಲಿಲ್ಲ ಅನ್ನುವುದೂ ಸುಳ್ಳು. ಶುಕ್ರವಾರ ನನಗೆ ರಜೆ ಇತ್ತು. ಚೌರಪ್ಪ ಬೇಡ ಅಂದರೇನು ಅಂತ ಮುಂಜಾನೆಯ ಗಾಡಿಗೆ ಪಾಸಿನ ಮೇಲೆ ಬಂದೆ. ಎಂಟು ಗಂಟೆಗೆ ನಿಮ್ಮ ಬೇಲಿಯ ಹತ್ತಿರ ನಿಂತಿದ್ದೆ. ಚೀಲದಲ್ಲಿ ಅವಳಿಗೆ ಪೇಢೆ ಇತ್ತು. ಅಂಗಳದಲ್ಲಿ ನೀನು ಅವಳ ಎದುರಿಗೆ ಕುಕ್ಕರಗಾಲಿನಲ್ಲಿ ಕೂತು, ಹಿತ್ತಾಳೆಯ ಲೋಟ ಅವಳ ಕೈಗೆ ಕೊಟ್ಟು, "ಒಂದ ಗುಟುಕ, ನನ್ನ ಬಂಗಾರಾ. ಆಯಿನೂ ಕುಡೀತಾಳ, ನಾನೂ ಕುಡೀತೇನಿ, ನೀನೂ ಕುಡಿ" ಅನ್ನುತ್ತಿದ್ದೆ. ಅವಳು ಲೋಟ ಎತ್ತಿದಳು. ತುಟಿಯವರೆಗೆ ಬಂದಿತ್ತು, ಮದಲೇನವ್ವ. ಅಷ್ಟರಲ್ಲಿ ಬೇಲಿಯ ಮೇಲಿಂದ ನನ್ನನ್ನು ಕಂಡಳು. ಲೋಟ ಕೆಳಗಿಟ್ಟು, ಕೈ ಎರಡೂ ಹಿಂದೆ ಕಟ್ಟಿಕೊಂಡು ನಿಂತಳು, ಸಾಲಿಯಲ್ಲಿ ಮಾಸ್ತರು ಬಂದರೆ ನಿಲ್ಲುವ ಹಾಗೆ. ನೀನು ಹಿಂದೆ ತಿರುಗಿ ನೋಡುವುದರಲ್ಲಿ ನಾನು ಹುಣಸೆಮರದ ಮರೆಗೆ ಸರಿದಿದ್ದೆ. "ಯಾಕವಾ? ಈಗ ಕುಡೀತಿದ್ದೆಲಾ" ಅಂತ ನೀನು ಕೇಳಿದ್ದು ಕೇಳಿಸಿತು. ಅವಳು ನನ್ನ ಹೆಸರು ಹೇಳಲಿಲ್ಲ. ಪೇಢೆಯನ್ನು ಸ್ಟೇಷನ್ನಿನಲ್ಲಿ ಯಾರಿಗೋ ಕೊಟ್ಟು ವಾಪಸು ಬಂದೆ. ನಾನು ಬರದೆ ಪತ್ರ ಬರೆಯುವುದಕ್ಕೆ ಕಾರಣ ಇದು. ನನ್ನ ಮುಖ ಕಂಡರೆ ಅವಳಿಗೆ ನೀರು ಇಳಿಯುವುದಿಲ್ಲ.

ಇಷ್ಟು ಬರೆದ ಮೇಲೆ ಇನ್ನೊಂದನ್ನೂ ಬರೆಯುತ್ತೇನೆ. ನಾನು ಸಾಲಿ ಯಾಕೆ ಬಿಟ್ಟೆ ಅಂತ ನೀನು ಕೇಳಿದಾಗೆಲ್ಲ ಅಪ್ಪ ತೀರಿಕೊಂಡ, ಮಾಸ್ತರು ಹೊಡೆಯುತ್ತಿದ್ದರು ಅಂತ ಒಂದೊಂದು ಸಲ ಒಂದೊಂದು ಹೇಳಿದ್ದೇನೆ. ಅಪ್ಪ ತೀರಿಕೊಂಡದ್ದು ನನಗೆ ಹದಿನಾರು ಆದ ಮೇಲೆ. ಮಾಸ್ತರು ನನ್ನನ್ನು ಹೊಡೆದದ್ದೇ ಇಲ್ಲ. ನನ್ನ ಮೊದಲ ಪರಮಪ್ರಸಾದದ ದಿನ, ಸಿಸಿಲಿಯಷ್ಟೇ ದೊಡ್ಡವನು ನಾನು, ಹಳ್ಳದ ದಂಡೆಯಲ್ಲಿ ಬಾಯಿ ಮುಕ್ಕಳಿಸುವಾಗ ಒಂದಿಷ್ಟು ನೀರು ಗಂಟಲಿಗೆ ಇಳಿಯಿತು. ಯಾರೂ ನೋಡಲಿಲ್ಲ. ಅವ್ವ ಹೊಸ ಅಂಗಿ ಹೊಲಿಸಿದ್ದಳು, ಊರಿಂದ ಮಾವಂದಿರು ಬಂದಿದ್ದರು, ಹೇಗೆ ಹೇಳಲಿ? ಹೋಗಿ ಪ್ರಸಾದ ತೆಗೆದುಕೊಂಡೆ. ಆಮೇಲೆ ಪ್ರತಿ ಶನಿವಾರ ಸಾಲಿಯ ಮಕ್ಕಳನ್ನೆಲ್ಲ ಪಾಪನಿವೇದನೆಗೆ ಫಾದರ ಹತ್ತಿರ ಸಾಲಾಗಿ ಕರೆದುಕೊಂಡು ಹೋಗುತ್ತಿದ್ದರು. ಒಂದು ಪಾಪ ಬಚ್ಚಿಟ್ಟರೆ ಹೇಳಿದ ಎಲ್ಲ ಪಾಪಗಳೂ ಹಾಗೇ ಉಳಿಯುತ್ತವೆ ಅಂತ ಉಪದೇಶದಲ್ಲಿ ಇತ್ತು. ಹೇಳಲು ಧೈರ್ಯವಿಲ್ಲ, ಬಚ್ಚಿಡಲು ಅಂಜಿಕೆ. ಶನಿವಾರ ಬಂದರೆ ಜ್ವರ ಬರತೊಡಗಿತು. ಕಡೆಗೆ ಸಾಲಿಯನ್ನೇ ಬಿಟ್ಟೆ. ದನ ಕಾಯಲು ಹೋದೆ. ಒಂದು ಗುಟುಕು ನೀರಿಗೆ ನಾನು ಓದನ್ನು ಕೊಟ್ಟೆ.

ಮೂವತ್ತು ವರ್ಷ. ವರ್ಷಕ್ಕೊಮ್ಮೆ ಪಾಸ್ಕ ಹಬ್ಬಕ್ಕೆ ನಿವೇದನೆ ಮಾಡಲೇಬೇಕಲ್ಲ, ಮಾಡಿದ್ದೇನೆ. ಸಿಟ್ಟು ಮಾಡಿದ್ದನ್ನು ಹೇಳಿದೆ, ಸಣ್ಣ ಸುಳ್ಳಾಡಿದ್ದನ್ನು ಹೇಳಿದೆ, ಇದನ್ನು ಹೇಳಲಿಲ್ಲ. ನಿನ್ನ ಪಕ್ಕದಲ್ಲಿ ಮದುವೆಗೆ ಮೊಣಕಾಲೂರಿದಾಗಲೂ ಇದು ಹೊಟ್ಟೆಯಲ್ಲಿತ್ತು. ಗಂಡುಮಗು ಉಳಿಯದೆ ಹೋದಾಗ ನೀನು ದೇವರ ಚಿತ್ತ ಅಂದೆ, ನಾನು ಇದು ಆ ನೀರಿನ ಶಿಕ್ಷೆ ಅಂದುಕೊಂಡೆ. ಸಿಸಿಲಿ ನಳದ ಹತ್ತಿರ ಬೊಗಸೆ ಒಡ್ಡಿದಾಗ ನನಗೆ ಕಂಡದ್ದು ಅವಳಲ್ಲ. ನನ್ನ ಹಾಗೆ ಇವಳ ಬಾಳು ಆಗಬಾರದು, ಒಳಗೆ ಹೋಗುವ ಮೊದಲೇ ಹಿಡಿಯಬೇಕು ಅಂತ ಎಳೆದೆ. ಎಳೆದು ಏನು ಮಾಡಿದೆ? ನನ್ನದನ್ನೇ ತೆಗೆದು ಅವಳಿಗೆ ಕೊಟ್ಟೆ.

ನಿನ್ನೆ ಶನಿವಾರ ಫಾದರ ಹತ್ತಿರ ಹೋಗಿ ಹೇಳಿದೆ. ಮೊದಲ ಸಲ. ಪರದೆಯ ಆಚೆಯಿಂದ ಅವರು, "ಬಾಯಿ ಮುಕ್ಕಳಿಸುವಾಗ ಅರಿಯದ ಇಳಿದ ನೀರಿಗೆ ಆಗಿನ ಕಾಲಕ್ಕೂ ಉಪಾಸ ಮುರೀತಿರಲಿಲ್ಲೋ ಇನ್ನಾಸಪ್ಪಾ. ಒಮ್ಮೆ ಯಾರನ್ನರ ಕೇಳಬಾರದೇನೋ?" ಅಂದರು. ಎದೆ ಹಗುರಾಯಿತು ಅಂತ ಬರೆದರೆ ನಿನಗೂ ಸಂತೋಷವಾದೀತು. ಆಗಲಿಲ್ಲ. ಸಿಟ್ಟು ಬಂತು. ಯಾರ ಮೇಲೆ ಅಂತ ತಿಳಿಯಲಿಲ್ಲ. ಒಂದು ಪ್ರಶ್ನೆ ಕೇಳಿದ್ದರೆ ನಾನು ಸಾಲಿ ಕಲಿಯುತ್ತಿದ್ದೆ, ನಿದ್ದೆ ಮಾಡುತ್ತಿದ್ದೆ, ಮಗಳ ರಟ್ಟೆ ಹಿಡಿದು ಎಳೆಯುತ್ತಿರಲಿಲ್ಲ. ಫಾದರ್ ಎರಡು ಪ್ರಾಯಶ್ಚಿತ್ತ ಕೊಟ್ಟರು. ಒಂದು ಜಪಸರ ಹೇಳುವುದು. ಇನ್ನೊಂದು, ಸಿಸಿಲಿಯ ಎದುರಿಗೆ ನಿಂತು ನನ್ನದು ತಪ್ಪಾಯಿತು ಅನ್ನುವುದು. ಜಪಸರ ಮನೆ ಮುಟ್ಟುವುದರಲ್ಲಿ ಮುಗಿಯಿತು. ಎರಡನೆಯದನ್ನು ದಾರಿಯುದ್ದಕ್ಕೂ ಬಾಯಿಯಲ್ಲಿ ಹೊರಳಿಸಿ ನೋಡಿದೆ. ನಮ್ಮ ಅಪ್ಪ ನನಗೆ ಆ ಮಾತು ಅಂದದ್ದಿಲ್ಲ, ಅವರ ಅಪ್ಪ ಅವರಿಗೆ ಅಂದಿರಲಿಕ್ಕಿಲ್ಲ. ಹೇಗೆ ಅನ್ನುವುದು?

ಇವತ್ತು ಪೂಜೆ ಮುಗಿಸಿ ಬಂದು ಕ್ರಿಸ್‌ಮಸ್ಸಿನ ಗೋದಲಿ ಕಟ್ಟಲು ಕೂತೆ. ಅವಳಿಲ್ಲದೆ ಹುಲ್ಲು ಹಾಸುವುದಕ್ಕೂ ಕೈ ಬರುವುದಿಲ್ಲ. ಗುರುಶಿದ್ದಪ್ಪ ಬಂದಿದ್ದ, ಡಬ್ಬಿಯಿಂದ ಬೊಂಬೆ ತೆಗೆದು ತೆಗೆದು ಕೊಡುತ್ತಿದ್ದ. ಜೋಸೆಫರ ಬೊಂಬೆ ಹಿಡಿದು, "ಇಂವ ಯಾರೋ, ಮೂಲ್ಯಾಗ ನಿಂತಾನಲ್ಲ ಯಾವಾಗ್ಲೂ?" ಅಂತ ಕೇಳಿದ. ಸ್ವಾಮಿಯನ್ನು ಸಾಕಿದ ತಂದೆ ಅಂದೆ. "ಏನಂತ ಹೇಳ್ಯಾನ ನಿಮ್ಮ ಪುಸ್ತಕದಾಗ?" ಅಂದ. ಒಂದು ಮಾತೂ ಹೇಳಿಲ್ಲ, ಹೆಂಡತಿ ಮಗುವನ್ನು ಗಂಡಾಂತರದಿಂದ ಪಾರುಮಾಡಿ ಕರೆದುಕೊಂಡು ಹೋದ, ಆಮೇಲೆ ಊರಿಗೆ ಕರೆದುಕೊಂಡು ಬಂದ, ಅಷ್ಟೇ ಅಂದೆ. ಗುರುಶಿದ್ದಪ್ಪ ಬೊಂಬೆಯ ಧೂಳು ಒರೆಸಿ ನನ್ನ ಕೈಗೆ ಕೊಟ್ಟು, "ಮತ್ತ ನೀ ಏನ್ ಮಾಡ್ದಿ? ಮಾತಾಡಿದಿ, ಕಳಕೊಂಡಿ" ಅಂದ. ಅವನನ್ನು ಬೈದು ಕಳಿಸಿದೆ. ಕಳಿಸಿ ಈ ಹಾಳೆ ಹಿಡಿದೆ.

ಈಗ ನಾನು ಕೇಳುವುದು ಇಷ್ಟು. ಕ್ರಿಸ್‌ಮಸ್ಸಿನ ಮುಂಜಾನೆಯ ಪೂಜೆಯಲ್ಲಿ ಸಿಸಿಲಿಗೆ ಪರಮಪ್ರಸಾದ ಕೊಡುತ್ತೇನೆ, ಅವಳಿಗೆ ಮನಸ್ಸಿದ್ದರೆ ಅಂತ ಫಾದರ್ ಹೇಳಿದ್ದಾರೆ. ಶನಿವಾರ ಸಂಜೆಯೊಳಗೆ ಕರೆದುಕೊಂಡು ಬಾ. ನಾನು ಕರೆಯಲು ಬರುವುದಿಲ್ಲ, ಸ್ಟೇಷನ್ನಿನಲ್ಲೂ ಎದುರಿಗೆ ನಿಲ್ಲುವುದಿಲ್ಲ. ಕೊಡಗಳನ್ನೆಲ್ಲ ಬೆಳಗಿ, ತುಂಬಿ, ಬಾಗಿಲ ಹತ್ತಿರವೇ ಇಟ್ಟಿರುತ್ತೇನೆ. ನೀರು ಕುಡಿ ಅಂತ ನಾನು ಅವಳಿಗೆ ಒಂದು ಸಲವೂ ಹೇಳುವುದಿಲ್ಲ. ನನ್ನ ಹೇಳಿಕೆಗಳೆಲ್ಲ ಮುಗಿದವು. ಹಬ್ಬದ ದಿನ ಮುಂಜಾನೆ ಚರ್ಚಿನ ಕಂಪೌಂಡಿನ ಅದೇ ನಳದ ಹತ್ತಿರ, ಚಾಳಿನ ಮಂದಿಯೆಲ್ಲ ಒಳಗೆ ಹೋಗುವ ಹೊತ್ತಿಗೆ, ನಾನು ಬೊಗಸೆ ಒಡ್ಡಿ ನೀರು ಕುಡಿಯುತ್ತೇನೆ. ನಗುವವರು ನಗಲಿ. ಅವಳು ನೋಡಲಿ. ನೋಡಿದ ಮೇಲೆ ಅವಳೂ ಕುಡಿದರೆ ಸರಿ, ಕುಡಿಯದಿದ್ದರೆ ನಾನು ಮತ್ತೊಂದು ಬೊಗಸೆ ಕುಡಿಯುತ್ತೇನೆ. ತಪ್ಪಾಯಿತು ಅನ್ನುವ ಮಾತು ಅಲ್ಲಿ ಬಾಯಿಗೆ ಬಂದೀತು ಅಂತ ನನ್ನ ಲೆಕ್ಕ. ಬಾರದೆ ಹೋದರೆ ಏನು ಮಾಡಲಿ ಅಂತ ಈಗಿನಿಂದಲೇ ಅಂಜಿಕೆ ಹತ್ತಿದೆ.

ನಿನ್ನ ಅವ್ವನಿಗೆ ನಮಸ್ಕಾರ ಹೇಳು. ಅಲ್ಲಿ ಥಂಡಿ ಇಲ್ಲಿಗಿಂತ ಹೆಚ್ಚು, ಸಿಸಿಲಿಯ ಕಿವಿಗೆ ಮಫ್ಲರು ಕಟ್ಟು. ತುಟಿಗೆ ಬೆಣ್ಣೆ ಹಚ್ಚುತ್ತಿದ್ದೀಯೋ ಇಲ್ಲವೋ.

ನಿಮ್ಮಿಬ್ಬರ ದಾರಿ ನೋಡುತ್ತಿರುವ,
ಸಿಸಿಲಿಯ ಅಪ್ಪ,
ಇನ್ನಾಸಪ್ಪ

ತಾ.ಕ.: ಪಾಕೀಟು ಅಂಟಿಸಿದ್ದೆ, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಹಳ್ಳದಲ್ಲಿ ಬಾಯಿ ಮುಕ್ಕಳಿಸುವಾಗ ನೀರು ಇಳಿಯಿತು ಅಂತ ಬರೆದೆನಲ್ಲ, ಹಾಗೆ ಆಗಿರಲಿಲ್ಲ. ನನಗೆ ಬಾಯಾರಿತ್ತು. ಆ ಕಡೆ ಈ ಕಡೆ ನೋಡಿ, ಗೊತ್ತಿದ್ದೂ, ಬೊಗಸೆ ತುಂಬ ಕುಡಿದೆ. ಎರಡು ಸಲ. ಫಾದರಿಗೂ ನಿನ್ನೆ ಮುಕ್ಕಳಿಸುವಾಗ ಅಂತಲೇ ಹೇಳಿದೆ. ಪರದೆಯ ಹಿಂದೆ ಕೂತು ಸಹ ನನಗೆ 'ಕುಡಿದೆ' ಅನ್ನಲು ಬಾಯಿ ಬರಲಿಲ್ಲ. ಸಿಸಿಲಿಯೋ ಅಷ್ಟು ಮಂದಿಯ ಎದುರಿಗೆ ನಿಂತು 'ನಾ ಕುಡದೇನಿ' ಅಂದಳು. ನಾಳೆ ಡ್ಯೂಟಿ ಮುಗಿಸಿ ಫಾದರ ಹತ್ತಿರ ಮತ್ತೆ ಹೋಗುತ್ತೇನೆ. ಅವರು ಏನಾದರೂ ಅನ್ನಲಿ. ಈ ಕಡೆಯ ನಾಲ್ಕು ಸಾಲನ್ನು ಮಾತ್ರ ಅವಳಿಗೆ ಓದಿ ಹೇಳು. ಅಪ್ಪನೂ ಕುಡಿದಿದ್ದ ಅಂತ ಹೇಳು. ನೀರು ತಣ್ಣಗಿತ್ತು, ಬಹಳ ರುಚಿ ಇತ್ತು ಅಂತ ಹೇಳು.